ಬಾವುಟಗಳ ನಡುವಿನ ನೀರು

ಶಾಲೆಯ ಕೊನೆಯ ದಿನ ಸನ್ನಿಧಿ ಎರಡೂ ಕೈಯಲ್ಲಿ ಚೀಲ ಎಳೆದುಕೊಂಡು ಗೇಟಿನಿಂದ ಹೊರಗೆ ಬಂದಳು. ವರ್ಷವಿಡೀ ಬಿಡಿಸಿದ ಚಿತ್ರಗಳು, ಅಂಟು ಒಣಗಿ ಬಿರುಕು ಬಿಟ್ಟ ಕಾಗದದ ಜ್ವಾಲಾಮುಖಿ, ಯಾರದೋ ಒಂಟಿ ಕಾಲುಚೀಲ, ಬಿಸಿಲಿಗೆ ಮೆತ್ತಗಾದ ಕ್ರಿಸ್‌ಮಸ್ ಚಾಕಲೇಟು. ಎಲ್ಲವನ್ನೂ ನನ್ನ ಕೈಗೆ ತುರುಕಿ, "ನೋ ಸ್ಕೂಲ್ ಟಿಲ್ ನೆಕ್ಸ್ಟ್ ಇಯರ್!" ಎಂದು ಕೂಗುತ್ತ ಕಾರಿನ ಕಡೆ ಓಡಿದಳು. ಆಗ ಅವಳಿಗೆ ಒಂಬತ್ತು ವರ್ಷ. ಇಲ್ಲಿ ಆಸ್ಟ್ರೇಲಿಯಾದಲ್ಲಿ ಬೇಸಿಗೆ ರಜೆ ಡಿಸೆಂಬರಿನ ಕೊನೆಗೆ ಶುರುವಾಗಿ ಜನವರಿ ಮುಗಿಯುವವರೆಗೆ ಇರುತ್ತದೆ. ಆ ದಿನ ನಾವಿರುವ ಟ್ರುಗನಿನಾದಲ್ಲಿ ಉತ್ತರದ ಗಾಳಿ ಬೀಸುತ್ತಿತ್ತು. ಒಳನಾಡಿನ ಒಣನೆಲದ ಮೇಲಿಂದ ಬರುವ ಗಾಳಿ ಅದು. ಬೇಕರಿಯ ಒಲೆಯ ಬಾಗಿಲು ತೆರೆದಂತೆ ಮುಖಕ್ಕೆ ಬಡಿಯುತ್ತದೆ. ರಸ್ತೆಯಾಚೆ ಗೋದಾಮುಗಳ ತಗಡಿನ ಗೋಡೆಗಳು ಕಣ್ಣು ಕುಕ್ಕುತ್ತಿದ್ದವು. ಅಂಥದೊಂದು ಗೋದಾಮಿನಲ್ಲಿ ನಾನು ಫೋರ್ಕ್‌ಲಿಫ್ಟ್ ಓಡಿಸುತ್ತೇನೆ.

ಮನೆಗೆ ಬಂದಾಗ ನನ್ನ ಹೆಂಡತಿ ಮಮತಾ ಬೆಳಗಿನ ಪಾಳಿ ಮುಗಿಸಿ ಬಂದು ಬನ್ಸಿಗೆ ಹಿಟ್ಟು ಕಲಸುತ್ತಿದ್ದಳು. ಕಪ್ಪಾದ ಬಾಳೆಹಣ್ಣನ್ನು ಕಿವುಚಿ ಮೈದಾಹಿಟ್ಟಿಗೆ ಸೇರಿಸಿ, ರಾತ್ರಿಯೆಲ್ಲ ಇಟ್ಟು ಬೆಳಿಗ್ಗೆ ಕರಿಯುವ ಅವಳ ಕಡೆಯ ತಿಂಡಿ. ಅವಳ ಊರು ಉಡುಪಿಯ ಹತ್ತಿರ, ಹೊಳೆ ಸಮುದ್ರ ಸೇರುವ ಜಾಗದಲ್ಲಿ. ನನ್ನದು ಹುಬ್ಬಳ್ಳಿ. ಅವಳು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ನಾನು ಐಟಿಐ ಮಾಡಿ ಅದೇ ಆಸ್ಪತ್ರೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಆಸ್ಟ್ರೇಲಿಯಾಕ್ಕೆ ವೀಸಾ ಸಿಕ್ಕಿದ್ದು ಅವಳಿಗೆ. ನಾನು ಅವಳ ಬೆನ್ನಿಗೆ ಬಂದವನು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ.

"ನಾಳೆ ಬೀಚಿಗೆ ಹೋಗುವ," ಎಂದಳು.

"ನಾ ಮರಳಾಗ ಕುಂದರ್ತೀನಿ. ನೀವಿಬ್ರೂ ಆಡ್ರಿ."

"ನಿಮ್ಮ ಹುಬ್ಬಳ್ಳಿಯಲ್ಲಿ ನಲ್ಲಿ ನೀರು ಬರುದೇ ವಾರಕ್ಕೊಮ್ಮೆ ಮಾರಾಯ್ರೆ. ಇಷ್ಟು ನೀರು ಒಟ್ಟಿಗೆ ಕಂಡ್ರೆ ಹೆದರಿಕೆ ಆಗದೆ ಎಂತ?"

"ವಾರಕ್ಕೊಮ್ಮೆ ಎಲ್ಲಿ? ಎಂಟು ದಿನಕ್ಕೊಮ್ಮೆ."

ಸನ್ನಿಧಿ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡೇ, "ಅಪ್ಪಾ ಈಸ್ ಸ್ಕೇರ್ಡ್ ಆಫ್ ದ ಬಾತ್‌ಟಬ್," ಎಂದಳು. ತಾಯಿ ಮಗಳು ತುಳುವಿನಲ್ಲಿ ಏನೋ ಹೇಳಿಕೊಂಡು ನಕ್ಕರು. ನಾನು ಬೇಸರವಾದಂತೆ ನಟಿಸಿದೆ. ರಾತ್ರಿ ಒಂಬತ್ತಾದರೂ ಬೆಳಕಿತ್ತು. ರಸ್ತೆಯಲ್ಲಿ ಮಕ್ಕಳು ಗಾಲಿಯ ಕಸದ ಡಬ್ಬಿಯನ್ನೇ ಸ್ಟಂಪ್ ಮಾಡಿಕೊಂಡು ಕ್ರಿಕೆಟ್ ಆಡುತ್ತಿದ್ದರು. ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ.

ಮರುದಿನ ನಡೆದುದನ್ನು ಒಂದೇ ಸಲ ಹೇಳಿ ಮುಗಿಸುತ್ತೇನೆ. ಬೀಚಿನ ಒಂದು ತುದಿಯಲ್ಲಿ ಕೆಂಪು ಹಳದಿ ಬಾವುಟಗಳನ್ನು ನೆಟ್ಟಿದ್ದರು. ಕಾವಲಿನವರು ಎರಡು ಬಾವುಟಗಳ ನಡುವಿನ ನೀರನ್ನು ಮಾತ್ರ ಕಾಯುತ್ತಾರೆ. ಅಲ್ಲಿ ಜನ ಕಿಕ್ಕಿರಿದಿದ್ದರು. ಮಮತಾ ಚೂಡಿದಾರ್ ತೊಟ್ಟು ದುಪಟ್ಟಾವನ್ನು ಸೊಂಟಕ್ಕೆ ಬಿಗಿದಿದ್ದಳು. ಒದ್ದೆ ಬಟ್ಟೆ ಮೈಗಂಟಿದರೆ ನೋಡುವವರು ನೋಡುತ್ತಾರೆ ಎಂದು ಅವಳಿಗೆ ಮುಜುಗರ. ಅದಕ್ಕೇ ನಾವು ಯಾವಾಗಲೂ ಜನರಿಲ್ಲದ ಕಡೆ ಹೋಗುತ್ತಿದ್ದೆವು. ನಮ್ಮಂಥ ಎಷ್ಟೋ ಮನೆಯವರು ಹಾಗೆಯೇ ಮಾಡುತ್ತಾರೆ. ಆವತ್ತೂ ಬಂಡೆ ದಾಟಿ ಖಾಲಿ ದಡಕ್ಕೆ ಹೋದೆವು. ಅಲೆಗಳು ಜೋರಾಗಿದ್ದವು. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಸುಮ್ಮನಿತ್ತು. "ಅಲ್ಲಿ ನೋಡಿ, ಅದು ಒಳ್ಳೆ ಜಾಗ," ಎಂದು ಮಗಳ ಕೈ ಹಿಡಿದು ಅಲ್ಲಿಗೇ ಇಳಿದಳು. ದಡಕ್ಕೆ ಬಂದ ನೀರೆಲ್ಲ ಕಡಲಿಗೆ ಹಿಂತಿರುಗಿ ಓಡುವ ದಾರಿ ಅದು. ಇಲ್ಲಿಯವರು ರಿಪ್ ಎನ್ನುತ್ತಾರೆ. ಸೆಳೆತಕ್ಕೆ ಕಾಲು ನೆಲ ಬಿಟ್ಟಾಗ ಅವಳು ಸನ್ನಿಧಿಯನ್ನು ಪಕ್ಕದ ಮರಳದಿಬ್ಬದ ಕಡೆ ನೂಕಿದಳು. ಮಗಳು ಕೆಮ್ಮುತ್ತ ಎದ್ದು ನಿಂತಳು. ಮಮತಾ ದಡದ ಕಡೆಗೇ, ಆ ಸೆಳೆತಕ್ಕೆ ಎದುರಾಗಿ ಈಜಿದಳು. ಪಕ್ಕಕ್ಕೆ ಈಜಬೇಕಂತೆ. ನಾನು ಬಾವುಟಗಳ ಕಡೆ ಓಡಿದೆ. ಕಾವಲಿನವರು ಬಂದು ಅವಳನ್ನು ಹೊರಗೆ ತಂದಾಗ ಉಸಿರಿರಲಿಲ್ಲ.

ಆಮೇಲೆ ಮನೆ ತುಂಬ ಜನ. ಗೊತ್ತಿದ್ದವರು, ಗೊತ್ತಿಲ್ಲದವರು, ಫಾಯಿಲ್ ಟ್ರೇಗಳಲ್ಲಿ ಪುಳಿಯೋಗರೆ ತಂದವರು. ಎಲ್ಲರೂ ಒಳ್ಳೆಯವರೇ. ಆದರೆ ಹಾಲಿನಲ್ಲಿ ಕೂತು ಅವರು ಆಡುತ್ತಿದ್ದ ಮಾತು ಅಡುಗೆಮನೆಗೆ ಕೇಳಿಸುತ್ತಿತ್ತು. ಚೂಡಿದಾರ್ ಹಾಕ್ಕೊಂಡು ಯಾರಾದ್ರೂ ಸಮುದ್ರಕ್ಕೆ ಇಳೀತಾರಾ? ಈಜು ಬರದವರು ಯಾಕೆ ಹೋಗ್ಬೇಕಿತ್ತು? ಬೋರ್ಡು ಹಾಕಿರ್ತಾರಲ್ಲ, ಓದಕ್ಕೆ ಬರಲ್ವಾ? ವಾಟ್ಸ್ಯಾಪ್ ಗುಂಪುಗಳಲ್ಲಿ ಅವಳ ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳು, ಅದರ ಕೆಳಗೆ ಬುದ್ಧಿಮಾತುಗಳು. ನಾನು ಹೆಚ್ಚು ಮಾತಾಡುವವನಲ್ಲ. ಟೀ ಲೋಟಗಳ ತಟ್ಟೆ ಹಿಡಿದು ಹಾಲಿಗೆ ಹೋದೆ. "ಆಕೀಗೆ ಈಜು ಬರ್ತಿತ್ತು," ಎಂದೆ. "ನಿಮ್ಮೆಲ್ಲಾರ್ಕಿಂತ ಛಲೋ ಬರ್ತಿತ್ತು. ಟೀ ತಗೋರಿ." ಅದನ್ನು ನಾನು ಆ ತಿಂಗಳು ಪೊಲೀಸರಿಗೆ ಹೇಳಿದೆ, ಗೋದಾಮಿನ ಸೂಪರ್‌ವೈಸರಿಗೆ ಹೇಳಿದೆ, ಹುಬ್ಬಳ್ಳಿಯಿಂದ ಫೋನು ಮಾಡಿದ ಚಿಕ್ಕಪ್ಪನಿಗೆ ಹೇಳಿದೆ. ಈಗಲೂ ಹೇಳುತ್ತೇನೆ.

ಮಮತಾಳ ಅಕ್ಕ ವಿನೋದಕ್ಕ ಮೊದಲ ದಿನವೇ ಸಿಡ್ನಿಯಿಂದ ಬಂದಿದ್ದರು. ಅವರೂ ಅವರ ಗಂಡನೂ ಹ್ಯಾರಿಸ್ ಪಾರ್ಕಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಇರುತ್ತಾರೆ. ಮಕ್ಕಳಿಲ್ಲ. ಅಂತ್ಯಕ್ರಿಯೆ ಮುಗಿದ ಮೇಲೆ ಅವರು, "ಮಗುವನ್ನು ನಾನು ಕರ್ಕೊಂಡು ಹೋಗ್ತೇನೆ. ರಜೆ ಮುಗಿಯುವ ತನಕ ಅಲ್ಲಿರ್ಲಿ. ನಿಮಗೆ ಪಾಳಿ ಕೆಲಸ, ಯಾರು ನೋಡುದು?" ಎಂದರು. ನಿಜವೇ ಆಗಿತ್ತು. ಒಪ್ಪಿದೆ. ಆ ದಿನಗಳಲ್ಲಿ ಸನ್ನಿಧಿ ಏನನ್ನೂ ಹೇಳುತ್ತಿರಲಿಲ್ಲ.

ನಮ್ಮ ರಸ್ತೆಯ ಬೇರೆ ಮಕ್ಕಳ ರಜೆ ರಜೆಯಂತೆಯೇ ನಡೆಯುತ್ತಿತ್ತು. ಕೆಲವರು ಇಂಡಿಯಾಕ್ಕೆ ಹೋಗಿದ್ದರು. ಕೆಲವರನ್ನು ತಂದೆತಾಯಿ ಬೆಳಿಗ್ಗೆ ಹಾಲಿಡೇ ಪ್ರೋಗ್ರಾಮಿಗೆ ಬಿಟ್ಟು, ಸಂಜೆ ಬಣ್ಣ ಮೆತ್ತಿದ ಅಂಗಿಯಲ್ಲಿ ಕರೆತರುತ್ತಿದ್ದರು. ಉಳಿದವರು ಹುಲ್ಲಿಗೆ ನೀರು ಹಾರಿಸುವ ಪೈಪಿನ ಕೆಳಗೆ ಕಿರುಚುತ್ತಿದ್ದರು. ಕೆಲಸದಿಂದ ಬಂದು ಕಾರಿನಲ್ಲೇ ಕೂತು ನಾನು ಅವರನ್ನು ನೋಡುತ್ತಿದ್ದೆ. ಸಂಜೆ ವೀಡಿಯೊ ಕಾಲ್ ಮಾಡಿದರೆ ಸನ್ನಿಧಿ ಸೋಫಾದ ಮೇಲೆ ಅದೇ ಜಾಗದಲ್ಲಿ ಕಾಣುತ್ತಿದ್ದಳು. ಹಿಂದೆ ಪರದೆ ಮುಚ್ಚಿರುತ್ತಿತ್ತು. "ಊಟ ಆತೇನು?" ಎಂದರೆ "ಯಾ." "ಏನ್ ಮಾಡಿದಿ ಇವತ್ತ?" ಎಂದರೆ "ನಥಿಂಗ್."

ಹೊಸ ವರ್ಷದ ಮರುದಿನ ವಿನೋದಕ್ಕ ಫೋನು ಮಾಡಿದರು. "ಇಲ್ಲೇ ಹತ್ತಿರ ಒಳ್ಳೆ ಸ್ಕೂಲ್ ಉಂಟು. ವಿಚಾರಿಸಿದ್ದೇನೆ. ಫೆಬ್ರವರಿಯಿಂದ ಇಲ್ಲಿಗೇ ಸೇರಿಸುವ. ನೀವು ತಿಂಗಳಿಗೊಮ್ಮೆ ಬಂದು ನೋಡಿ ಬಸವರಾಜ್."

ನಾನು ಯೋಚಿಸುತ್ತೇನೆ ಎಂದೆ. ಪಕ್ಕದ ಮನೆಯ ಸುನಂದಾ ಆಂಟಿಗೆ ಈ ವಿಷಯ ಹೇಳಿದೆ. ಅವರು ಬೆಳಗಾವಿಯವರು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದು ಇಲ್ಲೇ ಉಳಿದವರು. "ಬಿಟ್ಟುಬಿಡ್ರಿ ಅಲ್ಲೇ," ಎಂದರು ಅವರು. "ಹೆಣ್ಣ ಕೂಸು. ಗಂಡಸು ಒಬ್ಬಾಂವ ಹೆಂಗ ಬೆಳಸ್ತಾನ? ನಾಳೆ ದೊಡ್ಡಾಕಿ ಆಗ್ತಾಳ. ತಲಿ ಬಾಚಾಕ ಬರತೈತೇನು ನಿಮಗ?"

"ಕಲೀತೀನಿ," ಎಂದೆ.

ಮರುದಿನ ಸಿಡ್ನಿಯ ರೈಲು ಹತ್ತಿದೆ. ವಿಮಾನದ ಟಿಕೆಟ್ ಕೈಗೆಟುಕುವಂತಿರಲಿಲ್ಲ. ಹಗಲಿಡೀ ಕಿಟಕಿಯಾಚೆ ಒಣಗಿದ ಹುಲ್ಲು, ಕುರಿ, ದೂರದಲ್ಲೊಂದು ಧಾನ್ಯದ ಕಣಜ. ಕಿಟಕಿಯಾಚೆ ಎಲ್ಲಿಯೂ ನೀರಿರಲಿಲ್ಲ. ನವಲಗುಂದದ ದಾರಿ ನೆನಪಾಯಿತು. ನನ್ನಂಥವನಿಗೆ ಆ ಬಯಲೇ ಸಾಕಿತ್ತು. ಅಲ್ಲಿ ಕೂತು ನಾನು ಒಂದು ತೀರ್ಮಾನಕ್ಕೂ ಬರಲಿಲ್ಲ. ಮಗಳನ್ನು ನೋಡಬೇಕು ಎಂಬುದಷ್ಟೇ ತಲೆಯಲ್ಲಿತ್ತು.

ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದಾಗ ಬೀದಿಯಲ್ಲಿ ಜಿಲೇಬಿ, ಕಬಾಬು, ಅಗರಬತ್ತಿಯ ವಾಸನೆ. ವಿನೋದಕ್ಕ ಬಾಗಿಲು ತೆಗೆದರು. ಸನ್ನಿಧಿ ಬಂದು ನನ್ನ ಸೊಂಟ ಹಿಡಿದುಕೊಂಡಳು. ಅವಳ ತಲೆಯಿಂದ ಹಳೆಯ ಎಣ್ಣೆ, ಬೆವರು ಕೂಡಿದ ಹುಳಿ ವಾಸನೆ ಬಂತು. ವಿನೋದಕ್ಕನ ಮನೆ ಕನ್ನಡಿಯಂತೆ ಇರುತ್ತದೆ. ಹಾಗಾದರೆ ಮಗು ಏಕೆ ಹೀಗಿದೆ ಎಂದು ನನಗೆ ತಿಳಿಯಲಿಲ್ಲ.

"ಜಳಕ ಮಾಡಿಲ್ಲೇನು?"

"ಐ ಡೋಂಟ್ ಡು ಶವರ್ಸ್," ಎಂದಳು, ಮಾಂಸ ತಿನ್ನುವುದಿಲ್ಲ ಎಂದು ಯಾರಾದರೂ ಹೇಳುವಷ್ಟು ಸರಳವಾಗಿ.

ವಿನೋದಕ್ಕ ನನ್ನನ್ನು ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು. ನೀರು ತಲೆಗೆ ಬಿದ್ದರೆ ಮಗು ಉಸಿರು ಬಿಗಿ ಹಿಡಿಯುತ್ತದಂತೆ. ಒಮ್ಮೆ ಹಾಗೇ ಕುಸಿದು ಕೂತಳಂತೆ. ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾರೆ. "ಒತ್ತಾಯ ಮಾಡುದಿಲ್ಲ ನಾನು. ನೀರಿನ ಸುದ್ದಿಯೇ ಬೇಡ ಅವಳಿಗೆ. ಬಾಲ್ಕನಿಯಿಂದ ಎದುರು ಬಿಲ್ಡಿಂಗಿನ ಪೂಲ್ ಕಾಣ್ತದೆ, ಅದಕ್ಕೆ ಪರದೆ ಹಾಕಿದ್ದು." ಹೇಳುತ್ತ ಅವರ ಕಣ್ಣು ತುಂಬಿತು. ಪ್ರೀತಿಯಿಂದಲೇ ಮಾಡಿದ್ದರು. ಆದರೆ ಬಾಲ್ಕನಿಯ ಪರದೆ ಆಗಲೂ ಮುಚ್ಚಿಯೇ ಇತ್ತು. ಕಡಲು ಒಬ್ಬಳನ್ನು ತೆಗೆದುಕೊಂಡಿತ್ತು. ಇನ್ನೊಬ್ಬಳ ಸ್ನಾನದ ನೀರನ್ನೂ ಅದಕ್ಕೆ ಬಿಟ್ಟುಕೊಡಬೇಕೇ?

ಬಾತ್‌ರೂಮಿನಲ್ಲಿ ಒಂದು ಬಕೀಟು, ಮಗ್ಗು ಇದ್ದವು. ನೀರು ತುಂಬಿಸಿಕೊಂಡು, ಅಂಗಿ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತೆ. ಸನ್ನಿಧಿ ಬಾಗಿಲ ಹೊರಗೆ ನಿಂತು ನೋಡುತ್ತಿದ್ದಳು. ಒಂದು ಮಗ್ಗು ನನ್ನ ತಲೆಯ ಮೇಲೆ ಸುರಿದುಕೊಂಡೆ. ಬಿಸಿನೀರಿನ ನಲ್ಲಿ ಯಾವುದೆಂದು ಗೊತ್ತಾಗದೆ ತಣ್ಣೀರೇ ತುಂಬಿಸಿದ್ದೆ. "ಅಯ್ಯಯ್ಯಪ್ಪಾ, ಥಂಡಿ!" ಎಂದು ನಿಜವಾಗಿಯೇ ಕಿರುಚಿದೆ.

"ಯೂ ಆರ್ ಸೋ ವಿಯರ್ಡ್," ಎಂದಳು.

"ಹೌದು. ಕೈ ಅಷ್ಟ ಚಾಚು."

ಬಹಳ ಹೊತ್ತಾದ ಮೇಲೆ ಒಂದು ಕೈ ಒಳಗೆ ಬಂತು. ಮಣಿಕಟ್ಟಿನ ಮೇಲೆ ಸ್ವಲ್ಪ ನೀರು ಬಿಟ್ಟೆ. ಅವಳು ಕೈ ಹಿಂದೆ ಎಳೆದುಕೊಳ್ಳಲಿಲ್ಲ. ಅಂದಿಗೆ ಅಷ್ಟೇ.

ಮರುದಿನ ಬೆಳಿಗ್ಗೆ ಬಾಲ್ಕನಿಯ ಪರದೆ ಸರಿಸಿ ಅವಳನ್ನು ಕೇಳಿದೆ. "ಮನೀಗೆ ಹೋಗೋಣೇನು?"

ಅವಳು ಸ್ವಲ್ಪ ಯೋಚಿಸಿ, "ಈಸ್ ಇಟ್ ಸ್ಟಿಲ್ ಅವರ್ ಹೌಸ್?" ಎಂದಳು.

"ಮತ್ಯಾರದ? ನಿಂದ ನಂದ."

ತಿಂಡಿಗೆ ನೀರುದೋಸೆ ಮಾಡುತ್ತಿದ್ದ ವಿನೋದಕ್ಕನಿಗೆ ಹೇಳಿದೆ. ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಕೌನ್ಸಿಲ್ಲಿನ ಈಜುಕೊಳದಲ್ಲಿ ರಜೆಯ ತರಗತಿ ಇರುತ್ತದೆ, ಸೇರಿಸುತ್ತೇನೆ ಎಂದೆ. ಅವರ ಕೈಯ ಸಟ್ಟುಗ ಕಾವಲಿಯ ಮೇಲೇ ನಿಂತಿತು.

"ಎಂತ ಹೇಳ್ತಿದ್ದೀರಿ ನೀವು? ಈಜಿಗಾ? ಒಬ್ಬಳು ಸಾಲದಾ ನಿಮಗೆ?"

ಭಾವ ಪೇಪರಿನಿಂದ ತಲೆಯೆತ್ತಿದರು. ದೋಸೆ ಕರಟುವ ವಾಸನೆ ಬಂತು.

"ಸಾಲದು ಅಂತಲ್ಲ ಅಕ್ಕಾ," ಎಂದೆ. "ಇದ್ದೊಬ್ಬಾಕೀನ್ನ ನೀರಿಗೆ ಅಂಜಿ ಸಾಯಾಕ ಬಿಡೂದಿಲ್ಲ."

"ಅವಳಿಗೂ ಹೀಗೇ ಹಠ. ಸಣ್ಣದಿರುವಾಗಿಂದ ಹಠ. ಬಾವುಟ ಇದ್ದಲ್ಲಿ ಇಳಿಯಬಾರದಿತ್ತಾ? ಹಠ ಮಾಡಿಯೇ ಹೋದಳು. ಈಗ ನೀವು."

"ಹಠ ಅಲ್ಲ ಅದು. ನೋಡಿದವರಿಗೆ ತಿಳೀತೈತಿ."

"ನೀವು ನೋಡಿದ್ದೀರಲ್ಲ, ಎಂತ ತಿಳೀತು ನಿಮಗೆ?"

ತಟ್ಟೆ ಬಿಟ್ಟು ಎದ್ದೆ. ಸನ್ನಿಧಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಭಾವ ಸ್ಟೇಷನ್ನಿನವರೆಗೆ ಬಂದು, ದಾರಿಗೆ ಎಂದು ಒಂದು ಪೊಟ್ಟಣ ಮೈಸೂರುಪಾಕು ಕೊಟ್ಟರು. "ಅವಳು ಬೈದದ್ದು ಮನಸ್ಸಿಗೆ ಹಚ್ಕೊಳ್ಬೇಡಿ. ತಂಗಿ ಹೋದ ಮೇಲೆ ಅವಳೂ ಸ್ನಾನಕ್ಕೆ ಹೋದ್ರೆ ಬೇಗ ಹೊರಗೆ ಬರುದಿಲ್ಲ, ಒಳಗೆ ಅಳ್ತಾ ಇರ್ತಾಳೆ," ಎಂದರು.

ಈಜುಕೊಳದ ಮೊದಲ ದಿನ ಸನ್ನಿಧಿ ನೀರಿಗಿಳಿಯಲಿಲ್ಲ. ಟವೆಲ್ ಹೊದ್ದು ಬೆಂಚಿನ ಮೇಲೆ ಕೂತಳು. ಕ್ಲೋರಿನ್ನಿನ ವಾಸನೆ, ಸೀಟಿಯ ಸದ್ದು, ಚಾವಣಿಗೆ ಬಡಿದು ತಿರುಗಿ ಬರುವ ಮಕ್ಕಳ ಗದ್ದಲ. ಟೀಚರ್ ಮಿಯಾ ಕಾಲೇಜು ಓದುವ ಹುಡುಗಿ. ಬಲವಂತ ಬೇಡ, ಇಲ್ಲೇ ಕೂರಲಿ ಎಂದಳು. ಎರಡನೆಯ ದಿನವೂ ಅದೇ. ಬದಿಯ ಲೇನಿನಲ್ಲಿ ಮಿಯಾ ದೊಡ್ಡವರಿಗೂ ಕಲಿಸುತ್ತಿದ್ದಳು. ಅದನ್ನು ನೋಡಿ ನನಗೆ ಒಂದು ಯೋಚನೆ ಬಂತು. ನಾನು ದಡದಲ್ಲಿ ಬೂಟು ಹಾಕಿಕೊಂಡು ನಿಂತು ಮಗುವಿಗೆ ಇಳಿ ಎನ್ನುವುದು ಯಾವ ನ್ಯಾಯ? ಮೂರನೆಯ ದಿನ ನಾನೂ ಹೆಸರು ಬರೆಸಿದೆ.

ಕೊರಳಿನದನ್ನು ತೆಗೆದಿಟ್ಟು ಇಳಿಯಬೇಕು ಎಂದಳು ಮಿಯಾ. ನನ್ನ ಕೊರಳಲ್ಲಿ ಇಷ್ಟಲಿಂಗ ಇದೆ. ಅದನ್ನು ತೆಗೆಯುವುದಿಲ್ಲ, ಉಸಿರಿರುವವರೆಗೆ ಮೈಮೇಲೇ ಇರುತ್ತದೆ ಎಂದೆ. ನನ್ನ ಇಂಗ್ಲಿಷು ಅವಳಿಗೆ ಎಷ್ಟು ತಿಳಿಯಿತೋ. ಅಂಗಿಯೊಳಗೆ ಬಿಗಿಯಾಗಿ ಕಟ್ಟಿಕೊಂಡು ಬಾ ಎಂದಳು. ಹಾಗೆಯೇ ಇಳಿದೆ. ಎದೆಮಟ್ಟದ ನೀರು. ನನ್ನ ಪಕ್ಕದಲ್ಲಿ ಗುರ್ಮೀತ್ ಎಂಬ ಹಿರಿಯರು. ಲಾರಿ ಓಡಿಸಿ ನಿವೃತ್ತರಾದವರು. ಬಿಳಿ ಗಡ್ಡ, ತಲೆಗೆ ಬಿಗಿದ ಬಟ್ಟೆ. "ಪಾಂಚ್ ನದಿಯೋಂ ಕಾ ಪಂಜಾಬ್, ಔರ್ ಮುಝೆ ತೈರ್ನಾ ನಹೀ ಆತಾ," ಎಂದು, ಐದು ನದಿಗಳ ನಾಡಿನವರಾಗಿಯೂ ಈಜು ಬಾರದ್ದಕ್ಕೆ ತಾವೇ ನಕ್ಕರು. ನನ್ನ ಊರಿನಲ್ಲಿ ಒಂದು ನದಿಯೂ ಇಲ್ಲ ಎಂದೆ. "ತೋ ಆಪ್ ಕಾ ಬಹಾನಾ ಅಚ್ಛಾ ಹೈ!" ಎಂದರು, ನನ್ನ ನೆಪವೇ ವಾಸಿ ಎಂಬಂತೆ.

ಮುಖ ಮುಳುಗಿಸಿ ಎಂದಳು ಮಿಯಾ. ಕಂಬಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬೆರಳು ಬಿಳುಚಿದ್ದವು. ಮುಳುಗಿಸಿದೆ. ಮೂಗಿಗೆ ನೀರು ಹೋಗಿ, ಕೆಮ್ಮಿ, ಕಾಲು ಜಾರಿ, ಗುರ್ಮೀತರ ಗಡ್ಡ ಹಿಡಿದು ಮೇಲೆ ಬಂದೆ. ಅವರು "ಓಯ್, ಓಯ್!" ಎಂದು ಕೂಗಿದರು. ಆಗ ಬೆಂಚಿನ ಕಡೆಯಿಂದ ಒಂದು ಸದ್ದು ಕೇಳಿಸಿತು. ಸನ್ನಿಧಿ ನಗುತ್ತಿದ್ದಳು. ಕೈಯಿಂದ ಬಾಯಿ ಮುಚ್ಚಿಕೊಂಡು, ತಡೆಯಲಾರದೆ ನಗುತ್ತಿದ್ದಳು.

ಮರುದಿನ ಅವಳು ಟವೆಲ್ಲಿಲ್ಲದೆ ನನ್ನ ಲೇನಿನ ಅಂಚಿಗೆ ಬಂದು ಕೂತಳು. "ಅಪ್ಪಾ, ಯೂ ಹ್ಯಾವ್ ಟು ಬ್ಲೋ ಬಬಲ್ಸ್. ಮೂಗಿಂದ. ನಾಟ್ ಬಾಯಿ." ಕಾಲು ನೀರಿನಲ್ಲಿತ್ತು. ಅದನ್ನು ಅವಳು ಗಮನಿಸಿರಲಿಲ್ಲ. ನಾನೂ ಗಮನಿಸದವನಂತೆ ಇದ್ದೆ. ನಾನು ಬೇಕೆಂದೇ ತಪ್ಪು ಮಾಡಲಿಲ್ಲ. ಬೇಕೆಂದು ಮಾಡುವ ಅಗತ್ಯವೇ ಇರಲಿಲ್ಲ. ನನ್ನ ಒದ್ದಾಟ ಸಹಿಸಲಾರದೆ ಕೊನೆಗೆ, "ಓ ಮೈ ಗಾಡ್, ಅಪ್ಪಾ," ಎಂದು ಇಳಿದೇ ಬಿಟ್ಟಳು. ಬೆನ್ನಿನ ಮೇಲೆ ಮಲಗಲು ಹೇಳಿ, ನನ್ನ ಬೆನ್ನ ಕೆಳಗೆ ಅಂಗೈ ಇಟ್ಟಳು. "ಲುಕ್ ಅಪ್. ಹೊಟ್ಟೆ ಮೇಲೆ ಮಾಡು. ಐ ಹ್ಯಾವ್ ಗಾಟ್ ಯೂ." ಅವಳಮ್ಮ ಅವಳಿಗೆ ಕಲಿಸಿದ್ದು ಹೀಗೆಯೇ. ನನ್ನ ಕಿವಿ ನೀರೊಳಗೆ ಹೋಗಿ ಗದ್ದಲವೆಲ್ಲ ನಿಂತಿತು. ಮೇಲೆ ಚಾವಣಿಯ ತಗಡು, ಅದರಲ್ಲಿ ಕುಣಿಯುವ ಬೆಳಕು. ಬೆನ್ನ ಕೆಳಗೆ ಒಂದು ಸಣ್ಣ ಕೈ. ನಾನು ತೇಲಿದೆ. ಅತ್ತೆನೋ ಇಲ್ಲವೋ, ನೀರಿನಲ್ಲಿದ್ದವನಿಗೆ ಗೊತ್ತಾಗಲಿಲ್ಲ.

ಆ ಜನವರಿ ಹಾಗೆ ಹೋಯಿತು. ಸೂಪರ್‌ವೈಸರ್ ನನಗೆ ಮಧ್ಯಾಹ್ನದ ಪಾಳಿ ಕೊಟ್ಟಿದ್ದ. ಬೆಳಿಗ್ಗೆ ಈಜು, ಬಿಸಿ ಚಿಪ್ಸು, ಮನೆಗೆ ಬಂದು ಗಂಜಿ ಉಪ್ಪಿನಕಾಯಿ. ಮಧ್ಯಾಹ್ನ ಸನ್ನಿಧಿ ಸುನಂದಾ ಆಂಟಿಯ ಮನೆಯಲ್ಲಿ. ಅವರಿಗೆ ಇದು ಸರಿ ಕಾಣುತ್ತಿರಲಿಲ್ಲ. "ಏನ್ರೀ ಇದು, ಆಕಿ ಹೋಗಿ ಇನ್ನೂ ತಿಂಗಳ ತುಂಬಿಲ್ಲ. ಅಪ್ಪ ಮಗಳು ದಿನಾ ಒದ್ದಿ ತಲೀಲೆ ಬರ್ತೀರಿ. ಮಂದಿ ಏನಂತಾರ?"

"ಏನಂತಾರ್ರಿ?"

"ಮಜಾ ಮಾಡಾಕತ್ತಾರ ಅಂತಾರ."

"ಅನ್ನಲಿ."

ಅವರು ಸನ್ನಿಧಿಯ ಒದ್ದೆ ಕೂದಲನ್ನು ತಮ್ಮ ಸೆರಗಿನಿಂದಲೇ ಒರೆಸುತ್ತ ಗೊಣಗುತ್ತಿದ್ದರು. ಸಂಕ್ರಾಂತಿಗೆ ನಾವು ಯಾರಿಗೂ ಎಳ್ಳು ಬೀರಲಿಲ್ಲ, ಹಬ್ಬ ಮಾಡಲಿಲ್ಲ. ಆದರೆ ಆ ದಿನವೂ ಈಜಿಗೆ ಹೋದೆವು. ವಾರ ಕಳೆದ ಮೇಲೆ ಆಂಟಿ ಬೇಲಿಯಾಚೆಯಿಂದ ಕರೆದು, "ಆ ಕ್ಲಾಸು... ವಯಸ್ಸಾದ ಹೆಣ್ಮಕ್ಕಳಿಗೂ ಇರತೈತೇನ್ರಿ?" ಎಂದರು. ಮೊಣಕಾಲು ನೋವಿಗೆ ಡಾಕ್ಟರು ಹೇಳಿದ್ದರಂತೆ. ಪೂರಾ ಮೈ ಮುಚ್ಚುವ ಈಜುಡುಪು ಸಿಗುತ್ತದೆ ಎಂದೆ. ಆ ಉಡುಪು ಜನವರಿಗೂ ಮೊದಲು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನಾವು ಬಾವುಟಗಳ ನಡುವೆ ಇಳಿಯುತ್ತಿದ್ದೆವೇನೋ.

ರಜೆ ಮುಗಿಯುವ ವಾರ ವಿನೋದಕ್ಕ ಬಂದರು. ಊರಿಗೆ ಹೊರಟಿದ್ದರು. ತಂಗಿಯ ಬೂದಿಯನ್ನು ಅವರ ಹೊಳೆಯಲ್ಲಿ ಬಿಡಲು ಒಯ್ಯಬೇಕಿತ್ತು. ಸನ್ನಿಧಿ ಶವರಿನಲ್ಲಿ ಹಾಡು ಗುನುಗುವುದನ್ನು ಕೇಳಿ ಬಾಗಿಲ ಹೊರಗೆ ಸುಮ್ಮನೆ ನಿಂತರು. "ನಾಳೆ ಬೀಚಿಗೆ ಹೋಗ್ತೀವಿ. ನೀವೂ ಬರ್ರಿ," ಎಂದೆ.

"ಯಾವ ಬೀಚಿಗೆ?"

"ಅದಕ್ಕ."

ಅವರು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಮಾತ್ರ ಸೀರೆ ಉಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಬರುವುದಿಲ್ಲ ಎಂದು ಹೇಳಲು ಬಂದವರಂತೆ ಕೂತಿದ್ದರು, ಆದರೆ ಇಳಿಯಲಿಲ್ಲ.

ಈ ಸಲ ಬಾವುಟಗಳ ಕಡೆಗೇ ಹೋದೆವು. ಜನ ತುಂಬಿದ್ದರು. ಯಾರೂ ನಮ್ಮನ್ನು ನೋಡಲಿಲ್ಲ. ಕಾವಲಿನ ಹುಡುಗನನ್ನು ಕೇಳಿದೆ, ರಿಪ್ ಎಲ್ಲಿದೆ ತೋರಿಸುತ್ತೀಯಾ ಎಂದು. ಅವನು ಬಂಡೆಯಾಚೆ ಕೈ ಮಾಡಿದ. ಎರಡು ಕಡೆ ಬಿಳಿ ನೊರೆ, ನಡುವೆ ಒಂದು ಕಪ್ಪು ಹಸಿರು ಪಟ್ಟಿ. ಅಲೆಯಿಲ್ಲ. ಒರೆಸಿಟ್ಟ ಹಾಗಿತ್ತು. ವಿನೋದಕ್ಕ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಅದಾ? ಆ ಸುಮ್ಮನಿರುವ ನೀರಾ?"

"ಅದ ಅಕ್ಕಾ."

"ನಮ್ಮಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆಬಾಗಿಲಲ್ಲಿ ಅಂಥ ನೀರು ಕಂಡ್ರೆ ದೋಣಿ ಅಲ್ಲಿಂದಲೇ ಒಳಗೆ ತರುದು ಮಾರಾಯ್ರೆ. ಅಪ್ಪ ನಮಗೆ ಅದೇ ಹೇಳಿಕೊಟ್ಟದ್ದು. ಅಲೆ ಒಡೆಯುವಲ್ಲಿ ಮರಳದಿಬ್ಬ, ಒಡೆಯದಲ್ಲಿ ದಾರಿ ಅಂತ." ಗಾಳಿಗೆ ಸೆರಗು ಮುಖಕ್ಕೆ ಬಡಿಯುತ್ತಿತ್ತು, ತೆಗೆಯಲಿಲ್ಲ. "ನಾನಾಗಿದ್ರೂ ಅಲ್ಲೇ ಇಳೀತಿದ್ದೆ ಬಸವರಾಜ್. ಯಾರು ಬೇಡ ಅಂದ್ರೂ ಅಲ್ಲೇ ಇಳೀತಿದ್ದೆ."

ಅಷ್ಟು ದಿನ ಟೀ ಲೋಟಗಳ ಮುಂದೆ, ಫೋನಿನಲ್ಲಿ, ಗೋದಾಮಿನಲ್ಲಿ ನಾನು 'ಅವಳಿಗೆ ಈಜು ಬರುತ್ತಿತ್ತು' ಎಂದು ಹೇಳಿದ್ದಕ್ಕೆ ಮೊದಲ ಸಲ ಒಬ್ಬರು ಹೌದೆಂದಂತಾಯಿತು.

ಸನ್ನಿಧಿ ನೀರಿನ ಅಂಚಿನಲ್ಲಿ ನಿಂತಿದ್ದಳು. ಹೋದೆ. ಮೊದಲ ಅಲೆ ಪಾದ ಮುಚ್ಚಿದಾಗ ನನ್ನ ಬೆರಳುಗಳನ್ನು ಹಿಂಡಿದಳು. ಉಸಿರು ಬಿಗಿ ಹಿಡಿದದ್ದು ಗೊತ್ತಾಯಿತು. "ಬಬಲ್ಸ್," ಎಂದೆ. ಅವಳು ಮೂಗಿನಿಂದ ಉಸಿರು ಬಿಟ್ಟಳು. ಮುಂದೆ ಹೋದೆವು. ಸೊಂಟ, ಎದೆ. ಮಡಿಚಿ ಬರುತ್ತಿದ್ದ ಅಲೆಯನ್ನು ನೋಡಿ ನಾನೇ ಹಿಂಜರಿದೆ. ಅವಳು ನನ್ನ ಕೈ ಬಿಟ್ಟು ಅದರ ಕೆಳಗೆ ತಲೆ ಹಾಕಿದಳು. ಆಚೆ ಬದಿಯಲ್ಲಿ ಎದ್ದಾಗ ಕೂದಲು ಮುಖಕ್ಕೆಲ್ಲ ಅಂಟಿತ್ತು, ಕಣ್ಣು ಕೆಂಪಾಗಿದ್ದವು. ಕಡಲಿನ ಕಡೆ ತಿರುಗಿ ಮುಷ್ಟಿಯಿಂದ ನೀರಿಗೆ ಹೊಡೆದಳು. ಒಮ್ಮೆಯಲ್ಲ, ಕೈ ಸೋಲುವವರೆಗೆ. ನಾನು ತಡೆಯಲಿಲ್ಲ. ನಾನೂ ಹೊಡೆದೆ. ಸುತ್ತಲಿದ್ದವರು ಆಟವೆಂದುಕೊಂಡಿರಬೇಕು. ನಮ್ಮ ಹಿಂದೆ ಬಾವುಟಗಳು ಪಟಪಟ ಎನ್ನುತ್ತಿದ್ದವು.

ದಡದಿಂದ ವಿನೋದಕ್ಕ ಸೀರೆಯನ್ನು ಮೊಣಕಾಲವರೆಗೆ ಎತ್ತಿಕೊಂಡು ನೀರಿಗೆ ಎರಡು ಹೆಜ್ಜೆ ಇಟ್ಟು, ತುಳುವಿನಲ್ಲಿ ಕೂಗಿದರು. "ದೂರ ಪೋವಡ! ಇಂಚಿ ಬಲ!"

"ಪೋಪುಜಿ!" ಎಂದು ಸನ್ನಿಧಿ ತಿರುಗಿ ಕೂಗಿದಳು. ನನಗೆ ತುಳು ಬರುವುದಿಲ್ಲ. ಹೋಗಬೇಡ ಎಂದೂ ಹೋಗುವುದಿಲ್ಲ ಎಂದೂ ಇಬ್ಬರ ಮುಖ ನೋಡಿ ತಿಳಿದುಕೊಂಡೆ.

ವಿಮಾನ ನಿಲ್ದಾಣದಲ್ಲಿ ವಿನೋದಕ್ಕ ಮಗುವನ್ನು ಅಪ್ಪಿಕೊಂಡು ಕಿವಿಯಲ್ಲಿ ಅದೇ ಭಾಷೆಯಲ್ಲಿ ಏನೇನೋ ಹೇಳಿದರು. ಸನ್ನಿಧಿ ತಲೆಯಾಡಿಸಿ ಉತ್ತರ ಕೊಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮೊಟ್ಟಿಗೇ ಇರ್ಲಿ. ಈಜು ಬಿಡಿಸ್ಬೇಡಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಶಾಲೆ ಶುರುವಾದ ದಿನ ಹೊಸ ಟೀಚರ್ ಎಲ್ಲರನ್ನೂ ಕೇಳಿದರಂತೆ, ರಜೆಯಲ್ಲಿ ಏನು ಮಾಡಿದಿರಿ ಎಂದು. ಒಬ್ಬ ಬಾಲಿಗೆ ಹೋಗಿದ್ದ, ಒಬ್ಬಳ ಮನೆಗೆ ನಾಯಿಮರಿ ಬಂದಿತ್ತು. ಸನ್ನಿಧಿ ಎದ್ದು ನಿಂತು, ನಮ್ಮ ಅಪ್ಪನಿಗೆ ತೇಲಲು ಕಲಿಸಿದೆ ಎಂದಳಂತೆ. ಬೇರೆ ಏನನ್ನೂ ಹೇಳಲಿಲ್ಲ. ಹೇಳಬೇಕಾದವರಿಗೆ ಹೇಳಬೇಕಾದಾಗ ಅವಳೇ ಹೇಳುತ್ತಾಳೆ.

ಈಗ ಮತ್ತೆ ಡಿಸೆಂಬರ್ ಬಂದಿದೆ. ಕಾರಿನ ಡಿಕ್ಕಿ ತೆಗೆದರೆ ಒದ್ದೆ ಚೀಲದ ಕ್ಲೋರಿನ್ ವಾಸನೆ ಬರುತ್ತದೆ. ಸನ್ನಿಧಿ ಕೊಳದ ಉದ್ದಕ್ಕೂ ನಿಲ್ಲದೆ ಈಜುತ್ತಾಳೆ, ನಾನು ಅಡ್ಡಗಲಕ್ಕೆ ಈಜುತ್ತೇನೆ. ತಲೆ ಬಾಚುವುದನ್ನು ಕಲಿತಿದ್ದೇನೆ, ಬನ್ಸ್ ಕರಿಯುವುದನ್ನೂ ಕಲಿತಿದ್ದೇನೆ. ನಾವು ನೆಲೆಸಲು ಸಿಡ್ನಿಗೂ ಹೋಗಲಿಲ್ಲ, ಊರಿಗೂ ಹಿಂತಿರುಗಲಿಲ್ಲ. ಇದೇ ಮನೆಯಲ್ಲಿ ಇದ್ದೇವೆ. ಈ ಮನೆಯಲ್ಲಿ ತಾಯಿ ಮಗಳು ಬೆಳಗಿನಿಂದ ಮಲಗುವವರೆಗೆ ತುಳುವಿನಲ್ಲಿ ಮಾತಾಡುತ್ತಿದ್ದರು. ಈಗ ಸನ್ನಿಧಿಯ ಜೊತೆ ತುಳು ಮಾತಾಡಲು ಯಾರೂ ಇಲ್ಲ.